ಉಸಿರು ಸಾಲುವಷ್ಟು ವೇಗ

ಚೆಂಬೂರಿನಲ್ಲಿ ಓಡುವವರಿಗೆ ನೆಲ ಸಿಗುವುದು ಬೆಳಗಿನ ನಾಲ್ಕೂವರೆಯಿಂದ ಆರೂವರೆಯವರೆಗೆ ಮಾತ್ರ. ಅದಕ್ಕೂ ಮುಂಚೆ ರಸ್ತೆ ಬೀದಿನಾಯಿಗಳ ಸ್ವಾಧೀನದಲ್ಲಿರುತ್ತದೆ. ಅನಂತರ ಅದು ಶಾಲೆಯ ಬಸ್ಸುಗಳಿಗೆ, ರಿಕ್ಷಾಗಳಿಗೆ, ಸಯನ್–ಟ್ರಾಂಬೆ ರಸ್ತೆಯ ಟ್ಯಾಂಕರುಗಳಿಗೆ ಸೇರಿದ್ದು. ನಡುವಿನ ಆ ಎರಡು ಗಂಟೆಗಳನ್ನು ನಂಬಿಕೊಂಡು ಕಳೆದ ಜುಲೈಯಿಂದ ನಾವು ಐದು ಮಂದಿ ಡೈಮಂಡ್ ಗಾರ್ಡನ್ನಿನ ಗೇಟಿನ ಮುಂದೆ ಸೇರುತ್ತಾ ಬಂದಿದ್ದೇವೆ. ಗುರಿ 2024ರ ಜನವರಿ 21ರ ಮುಂಬಯಿ ಮ್ಯಾರಥಾನ್. ಇದನ್ನು ಬರೆಯುವ ಹೊತ್ತಿಗೆ ಅದಕ್ಕೆ ಐದು ದಿನ ಉಳಿದಿದೆ.

ಐವರಲ್ಲಿ ಹಿರಿಯರು ನಮ್ಮ ಮೇಷ್ಟ್ರು. ನಗರಪಾಲಿಕೆಯ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಈಗ ಅರುವತ್ತಮೂರು. ಹೋಟೆಲು ನಡೆಸುವ ಅಣ್ಣ ಒಬ್ಬರು. ಹದಿಮೂರರ ಪ್ರಾಯದಲ್ಲಿ ಕಾರ್ಕಳದ ಕಡೆಯಿಂದ ಬಂದು, ಹಗಲು ಮೇಜು ಒರೆಸಿ, ಇರುಳು ಕೋಟೆಯ ಕಡೆಯ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು. ಆಸ್ಪತ್ರೆಯಲ್ಲಿ ದಾದಿಯಾಗಿರುವ ಅಕ್ಕ ಒಬ್ಬರು. ಉಳಿದ ನಾವಿಬ್ಬರು ಕಚೇರಿಯ ಕುರ್ಚಿಯಲ್ಲಿ ಸೊಂಟ ಸವೆಸಿದವರು. ನಮ್ಮ ಪರಿಚಯವೆಲ್ಲ ಪುಸ್ತಕದ ಮಾತುಕತೆಗಳಲ್ಲಿ ಆದದ್ದು. ಓಟ ಆಮೇಲೆ ಹತ್ತಿಕೊಂಡ ಚಟ. ಅಣ್ಣನವರ ತಾಯಿ ಊರಿನಿಂದ ಫೋನಿನಲ್ಲಿ ಕೇಳಿದರಂತೆ: “ಅಲ್ಲ ಮಗಾ, ನಿನ್ನನ್ನು ಯಾರು ಅಟ್ಟಿಸಿಕೊಂಡು ಬರ್ತಾರೆ?” ಈ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಇಂದಿನವರೆಗೆ ಸರಿಯಾದ ಉತ್ತರ ಹೊಳೆದಿಲ್ಲ. ಹಿಂದಿನ ತಲೆಮಾರಿನ ಮುಂಬಯಿ ಕನ್ನಡಿಗನಿಗೆ ವ್ಯಾಯಾಮವೆಂದು ಬೇರೆ ಬೇಕಾಗಿರಲಿಲ್ಲ. ಹದಿನಾರು ಗಂಟೆ ಅಡುಗೆಮನೆಗೂ ಗಲ್ಲಾಪೆಟ್ಟಿಗೆಗೂ ನಡುವೆ ನಡೆದವನು ಸಂಜೆ ಬೂಟು ಕಟ್ಟಿಕೊಂಡು ಮತ್ತೆ ಓಡುವನೆ?

ಮ್ಯಾರಥಾನಿಗೆ ಸಿದ್ಧರಾಗುವವರು ಮೊದಲು ಕಲಿಯಬೇಕಾದದ್ದು ನಿಧಾನ. ಓಡುತ್ತಿರುವಾಗ ಒಂದು ಪೂರ್ಣ ವಾಕ್ಯವನ್ನು ಏದುಸಿರಿಲ್ಲದೆ ಹೇಳಿ ಮುಗಿಸುವಂತಿರಬೇಕು. ಕ್ರಿಯಾಪದ ಬರುವ ಮುನ್ನವೇ ಉಸಿರು ನಿಂತರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಪರೀಕ್ಷೆ ನಮಗೆ ಕೊಂಚ ಕಠಿಣವೆಂದು ಮೇಷ್ಟ್ರ ದೂರು. ಆ ತಿಂಗಳು ಓದುತ್ತಿದ್ದ ಪುಸ್ತಕವನ್ನೇ ಓಟದ ನಡುವೆ ಚರ್ಚಿಸುವುದು ರೂಢಿಯಾಯಿತು. ಯಶವಂತ ಚಿತ್ತಾಲರ ‘ಶಿಕಾರಿ’ಯ ನಾಗಪ್ಪನ ಭಯಗಳನ್ನು ಕುರಿತು ವಾಶಿ ಸೇತುವೆಯ ಮೇಲೆ, ಕತ್ತಲಲ್ಲಿ, ಆರು ಕಿಲೋಮೀಟರು ವಾದ ಮಾಡಿದ್ದೇವೆ. ನಮ್ಮ ವೇಗ ಕಿಲೋಮೀಟರಿಗೆ ಏಳೂವರೆ ನಿಮಿಷ. ಅದೇ ವೇಗದಲ್ಲಿ 42.195 ಕಿಲೋಮೀಟರು ಮುಗಿಸಲು 5 ಗಂಟೆ 16 ನಿಮಿಷ ಬೇಕು. ಅಷ್ಟು ಹೊತ್ತಿನಲ್ಲಿ ಮೊದಲನೆಯವರು ಎರಡು ಸಲ ಓಡಿ ಮುಗಿಸಿಯಾರು.

ಮಳೆಗಾಲದ ತಿಂಗಳುಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಬೂಟು ಒಣಗಲಿಲ್ಲ, ಒಳಗೆ ಹಳೆಯ ‘ಕರ್ನಾಟಕ ಮಲ್ಲ’ದ ಹಾಳೆಗಳನ್ನು ತುರುಕಿ ಫ್ಯಾನಿನ ಕೆಳಗಿಟ್ಟೆವು. ತೊಡೆಸಂದು ಉಜ್ಜಿ ಗಾಯವಾಯಿತು, ವ್ಯಾಸಲೀನ್ ಹಚ್ಚಿಕೊಂಡೆವು. ಬೆವರಿಗೆ ಬೇರೆ ಯಾವ ಪುಡಿಗಿಂತಲೂ ಉಪ್ಪು ಬೆರೆಸಿದ ಪುನರ್ಪುಳಿಯ ನೀರು ಮೇಲೆಂದು ಅಕ್ಕ ತೀರ್ಪು ಕೊಟ್ಟರು. ಸೆಪ್ಟೆಂಬರಿನ ಹೊತ್ತಿಗೆ ಭಾನುವಾರದ ಓಟ ಹತ್ತರಿಂದ ಇಪ್ಪತ್ತಕ್ಕೆ ಬೆಳೆದಿತ್ತು.

ಆ ಭಾನುವಾರಗಳಲ್ಲಿ ಮೇಷ್ಟ್ರು ನಮಗೆ ಹೇಳಿದ ಕಥೆಯೊಂದನ್ನು ಇಲ್ಲಿ ಬರೆಯದೆ ಮುಂದೆ ಹೋಗಲಾಗದು. ಹೊರನಾಡಿನ ಕನ್ನಡಿಗರಲ್ಲಿ ಇದನ್ನು ತಿಳಿದವರು ಕಡಿಮೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾ ನಡೆಸಿದ ಕ್ರೀಡಾಕೂಟಕ್ಕೆ ಅದರ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಬಂದಿದ್ದರು. ಓಡಲು ನಿಂತಿದ್ದವರಲ್ಲಿ ಬಹಳ ಮಂದಿ ರೈತಾಪಿ ಜನ. ಕಾಲಿಗೆ ಬೂಟಿಲ್ಲ, ಓಟದ ಶಾಸ್ತ್ರ ಗೊತ್ತಿಲ್ಲ. ಆದರೂ ಅವರು ಕ್ರಮಿಸಿದ ದೂರಕ್ಕೂ ತೆಗೆದುಕೊಂಡ ಕಾಲಕ್ಕೂ ಲೆಕ್ಕ ಹಾಕಿದ ದೊರಾಬ್ಜಿಯವರಿಗೆ, ಯುರೋಪಿನ ಓಟಗಾರರ ಮುಂದೆ ಇವರನ್ನು ನಿಲ್ಲಿಸಬಹುದೆಂಬ ಯೋಚನೆ ಬಂತು. ಮರುವರ್ಷ ಆಂಟ್ವರ್ಪಿನಲ್ಲಿ ಒಲಿಂಪಿಕ್ಸ್. ಭಾರತದ ಚಿಕ್ಕದೊಂದು ತಂಡ ಹಡಗು ಹತ್ತಿದ್ದು ಇದೇ ಮುಂಬಯಿಯಿಂದ. ಆ ತಂಡದಲ್ಲಿದ್ದರು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ.

ಮ್ಯಾರಥಾನಿನ ದೂರ 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿಸಿದಂತೆ 42.195 ಎಂದು ನಿಗದಿಯಾದದ್ದು 1921ರಲ್ಲಿ. ಅದಕ್ಕೂ ಮುಂಚೆ ಊರಿಗೊಂದು ಅಳತೆ. ಆಂಟ್ವರ್ಪಿನಲ್ಲಿ ಓಡಿಸಿದ್ದು 42.75 ಕಿಲೋಮೀಟರು, ಒಲಿಂಪಿಕ್ಸಿನ ಮ್ಯಾರಥಾನುಗಳಲ್ಲೆಲ್ಲ ಅದೇ ಅತಿ ಉದ್ದದ್ದು. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಕಿಲೋಮೀಟರಿಗೆ ನಾಲ್ಕು ನಿಮಿಷ. ಚಿನ್ನ ಗೆದ್ದ ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ ಅವರಿಗಿಂತ ಹದಿನೆಂಟು ನಿಮಿಷ ಹಿಂದೆ. ನಾವು ಅರ್ಧ ದಾರಿ ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಅವರು ಮನೆಗೆ ಹೋಗಿ ಕೈಕಾಲು ತೊಳೆದುಕೊಂಡಿರುತ್ತಿದ್ದರು. ಚೌಗುಲೆ ಕನ್ನಡಿಗರೋ ಮರಾಠಿಗರೋ ಎಂಬ ಪ್ರಶ್ನೆ ಬೆಳಗಾವಿಯವರ ವಿಷಯದಲ್ಲಿ ಎದ್ದೇ ಏಳುತ್ತದೆ. ಓಡುವಾಗ ಅದನ್ನೆತ್ತಿದರೆ ವೇಗ ತಾನಾಗಿ ಹೆಚ್ಚಿ ಉಸಿರು ಕಟ್ಟುತ್ತದೆಂದು ಮೇಷ್ಟ್ರು ನಿಷೇಧಿಸಿದ್ದಾರೆ. 2004ರಲ್ಲಿ ಶುರುವಾದ ಮುಂಬಯಿ ಮ್ಯಾರಥಾನಿಗೆ 2018ರಿಂದ ಟಾಟಾ ಹೆಸರು ಸೇರಿತು. ನಾವು ಎದೆಗೆ ಚುಚ್ಚಿಕೊಳ್ಳುವ ಚೀಟಿಯ ಮೇಲೂ ಅದೇ ಹೆಸರಿದೆ. ನೂರು ವರ್ಷದ ಹಿಂದಿನ ಆ ಬರಿಗಾಲುಗಳಿಗೂ ಈ ಚೀಟಿಗೂ ಇರುವ ನಂಟನ್ನು ಓಟದ ಹಬ್ಬದ ಗದ್ದಲದಲ್ಲಿ ಯಾರಾದರೂ ನೆನೆಯುವರೋ ಕಾಣೆವು.

ಸೆಪ್ಟೆಂಬರಿನ ಕೊನೆಯ ಭಾನುವಾರ ಚೆಂಬೂರಿನಿಂದ ಸಿಎಸ್‌ಎಂಟಿಯವರೆಗೆ ಓಡಿದೆವು, ಹೆಚ್ಚುಕಡಿಮೆ 25 ಕಿಲೋಮೀಟರು. ಪ್ರಿಯದರ್ಶಿನಿಯ ತಿರುವು ದಾಟಿ, ಸಯನ್ ಹಾದು, ಮಾಟುಂಗ ತಲುಪುವಷ್ಟರಲ್ಲಿ ಬೆಳಕು ಹರಿದಿತ್ತು. ಹೂವಿನ ಅಂಗಡಿಗಳ ಮುಂದೆ ಮಲ್ಲಿಗೆಯ ಮೂಟೆ ಬಿಚ್ಚುತ್ತಿದ್ದರು. 1926ರ ಮೈಸೂರು ಅಸೋಸಿಯೇಶನ್ನಿನ ಕಟ್ಟಡದ ಮುಂದೆ ಮೇಷ್ಟ್ರು ಓಡುತ್ತಲೇ ಕೈಮುಗಿದರು. ಅಲ್ಲಿ ಅವರು ನಾಟಕಗಳಲ್ಲಿ ಬಣ್ಣ ಹಚ್ಚಿದ್ದುಂಟು. 1942ರಿಂದ ಬಾಳೆಲೆ ಹಾಸುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಕಡೆಗೆ ಅಣ್ಣ ನೋಡಿದ ನೋಟದಲ್ಲಿ ವೃತ್ತಿಗೌರವವೂ ಹಸಿವೂ ಎಷ್ಟೆಷ್ಟು ಪಾಲೆಂದು ಹೇಳಲಾರೆವು. ದಾದರ್, ವರ್ಲಿಯ ಕಡಲ ದಂಡೆ, ಹಾಜಿ ಅಲಿ, ಪೆಡ್ಡರ್ ರೋಡಿನ ಏರು, ಕೊನೆಗೆ ಮರೈನ್ ಡ್ರೈವ್. ಮರಳುವಾಗ ಹಾರ್ಬರ್ ಲೋಕಲ್ಲಿನಲ್ಲಿ ನಾವು ನಿಂತೇ ಬಂದೆವು. ಕುಳಿತರೆ ಮತ್ತೆ ಏಳಲಾಗುತ್ತಿರಲಿಲ್ಲ. ಆ ದಿನ ಮೊದಲು ಸಿಎಸ್‌ಎಂಟಿ ಮುಟ್ಟಿದ್ದು ಮೇಷ್ಟ್ರು.

ಅಕ್ಟೋಬರಿನಲ್ಲಿ ಗಾಳಿ ಬದಲಾಯಿತು.

ಇದು ಮುಂಬಯಿ ಮ್ಯಾರಥಾನಿಗೆ ಸಿದ್ಧರಾಗುವವರ ಕಷ್ಟ. ಅಭ್ಯಾಸ ಬಿಗಿಯಾಗಬೇಕಾದ ತಿಂಗಳುಗಳಲ್ಲೇ ಊರಿನ ಗಾಳಿ ಕೆಡುತ್ತದೆ. ಮಳೆಗಾಲದಲ್ಲಿ ಕಡಲಿನಿಂದ ಬೀಸುವ ಗಾಳಿ ಧೂಳನ್ನೂ ಹೊಗೆಯನ್ನೂ ಗುಡಿಸಿ ಒಯ್ಯುತ್ತದೆ, ಉಳಿದದ್ದನ್ನು ಮಳೆ ತೊಳೆಯುತ್ತದೆ. ಮಳೆ ಹಿಂದೆ ಸರಿದ ಮೇಲೆ ಗಾಳಿಯ ಕಸುವು ಕುಗ್ಗುತ್ತದೆ. ಬೆಳಗಿನ ಜಾವದ ತಂಪಿನಲ್ಲಿ ಹೊಗೆ ಮೇಲೇರದೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಅದು ನಾವು ಓಡುವ ಹೊತ್ತು. ವಿಶ್ರಾಂತಿಯಲ್ಲಿರುವ ಮನುಷ್ಯ ನಿಮಿಷಕ್ಕೆ ಆರೇಳು ಲೀಟರು ಗಾಳಿ ಎಳೆದುಕೊಂಡರೆ, ಓಡುವವನು ಅದರ ಏಳೆಂಟು ಪಟ್ಟು ಎಳೆಯುತ್ತಾನೆ, ಅದೂ ಬಾಯಿಯ ಮೂಲಕ. ಮೂಗಿನ ಸೋಸುವಿಕೆಯೂ ತಪ್ಪಿಹೋಗುತ್ತದೆ. 2023ರ ಅಕ್ಟೋಬರ್ ಎಷ್ಟು ಕೆಟ್ಟದ್ದಾಗಿತ್ತೆಂದರೆ ತಿಂಗಳ ಕೊನೆಯ ದಿನ ಬಾಂಬೆ ಹೈಕೋರ್ಟು ನಗರದ ಗಾಳಿಯ ವಿಷಯವನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು.

ಚೆಂಬೂರಿಗೆ ಈ ವಿಷಯದಲ್ಲಿ ಪ್ರತ್ಯೇಕ ಚರಿತ್ರೆಯಿದೆ. ಪೂರ್ವಕ್ಕೆ ದೇವನಾರಿನ ಕಸದ ಗುಡ್ಡ. ದಕ್ಷಿಣಕ್ಕೆ ಮಾಹುಲಿನ ಎರಡು ತೈಲ ಶುದ್ಧೀಕರಣ ಘಟಕಗಳು, ಗೊಬ್ಬರದ ಕಾರ್ಖಾನೆ. ಈಚೆಗೆ ಮೆಟ್ರೊ 2ಬಿ ಮಾರ್ಗದ ಕಾಮಗಾರಿಯ ಧೂಳು. ಮಾಹುಲಿನ ರಸ್ತೆ ಭಾನುವಾರ ಬೆಳಗ್ಗೆ ಅಗಲವಾಗಿ, ಖಾಲಿಯಾಗಿ ಇರುತ್ತದೆಂಬ ಕಾರಣಕ್ಕೆ ಮಳೆಗಾಲವಿಡೀ ಅಲ್ಲಿ ಓಡಿದ್ದೆವು. ದಾರಿಯಲ್ಲಿ ಒತ್ತೊತ್ತಾಗಿ ನಿಂತ ಏಳಂತಸ್ತಿನ ಕಟ್ಟಡಗಳು ಸಿಗುತ್ತವೆ. ತಾನ್ಸಾ ಕೊಳವೆಮಾರ್ಗದ ಪಕ್ಕದ ಗುಡಿಸಲುಗಳನ್ನು ತೆರವುಗೊಳಿಸಿದಾಗ ಅಲ್ಲಿದ್ದವರನ್ನು ತಂದು ಇರಿಸಿದ್ದು ಇಲ್ಲಿ. ಮಾಹುಲ್, ಅಂಬಾಪಾಡಾ ಗ್ರಾಮಸ್ಥರ ಆರೋಗ್ಯಕ್ಕೆ ಇಲ್ಲಿಯ ಗಾಳಿಯಿಂದ ಅಪಾಯವಿದೆಯೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. ಜನರನ್ನು ಬಲವಂತವಾಗಿ ಇಲ್ಲಿಗೆ ಕಳುಹಿಸುವಂತಿಲ್ಲವೆಂದು 2019ರಲ್ಲಿ ಹೈಕೋರ್ಟು ಹೇಳಿತು. ಅಷ್ಟರಲ್ಲಿ ಬಂದವರು ಬಂದಾಗಿತ್ತು. ನೀರಿನ ಕೊಡ ಹಿಡಿದು ಕೆಳಗಿಳಿದ ಹೆಂಗಸರು ನಮ್ಮ ಬಣ್ಣದ ಬೂಟುಗಳನ್ನು ನೋಡಿ ನಗುತ್ತಿದ್ದರು. ಒಬ್ಬಾಕೆ ಮರಾಠಿಯಲ್ಲಿ ಕೇಳಿದರು, ಓಡಲಿಕ್ಕೆ ನಿಮಗೆ ಈ ಜಾಗವೇ ಬೇಕಾಯಿತೇ ಎಂದು.

ನವೆಂಬರಿನ ಮೊದಲ ವಾರ ಮೇಷ್ಟ್ರಿಗೆ ಕೆಮ್ಮು ಹಿಡಿಯಿತು. ಮೊದಲಿಗೆ ಅವರು ಕಷಾಯ ಕುಡಿದರು, ಹಿಂದೆ ಉಳಿದರು, ವಾಕ್ಯಗಳನ್ನು ಗಿಡ್ಡ ಮಾಡಿಕೊಂಡರು. ಅಕ್ಕನ ಕಿವಿಗೆ ಅದು ತಪ್ಪಲಿಲ್ಲ. “ಮೇಷ್ಟ್ರೇ, ನಿಮ್ಮ ಉಸಿರಿನಲ್ಲಿ ಸಿಳ್ಳೆ ಕೇಳ್ತಾ ಇದೆ. ನಾಳೆ ಬೆಳಗ್ಗೆ ಓಟ ಬೇಡ, ನನ್ನ ಜೊತೆ ಬನ್ನಿ” ಎಂದು ಕರೆದೊಯ್ದು ವೈದ್ಯರಿಗೆ ತೋರಿಸಿದರು. ಕೊಳವೆಯಲ್ಲಿ ಊದಿಸಿ ಪರೀಕ್ಷೆ ಮಾಡಿದರು. ಶ್ವಾಸನಾಳ ಕಿರಿದಾಗಿದೆ, ಇನ್ಹೇಲರ್ ತೆಗೆದುಕೊಳ್ಳಿ, ಈ ಚಳಿಗಾಲ ಮುಗಿಯುವವರೆಗೆ ಹೊರಗೆ ದೀರ್ಘ ಓಟ ಬೇಡ ಎಂದರು.

ಅಲ್ಲಿಂದ ಎರಡು ವಾರ ನಮ್ಮೊಳಗೆ ನಡೆದ ಚರ್ಚೆಯೇ ಈ ಸಿದ್ಧತೆಯ ನಿಜವಾದ ಕಷ್ಟದ ಭಾಗ. ಪೂರ್ಣ ಮ್ಯಾರಥಾನಿಗೆ ಸುಮ್ಮನೆ ಹೆಸರು ಕೊಡಲಾಗುವುದಿಲ್ಲ. ಹಿಂದೆ ಓಡಿದ ಅರ್ಧ ಮ್ಯಾರಥಾನಿನದೋ ಪೂರ್ಣದ್ದೋ ಸಮಯದ ಪ್ರಮಾಣಪತ್ರ ಬೇಕು. ಮೇಷ್ಟ್ರು ಅದಕ್ಕಾಗಿ ವರ್ಷವಿಡೀ ದುಡಿದಿದ್ದರು. ಕೊರೊನಾದಿಂದ 2021, 2022ರ ಓಟಗಳು ನಡೆಯಲೇ ಇಲ್ಲ. 2023ರಲ್ಲಿ ಅವರು ಅರ್ಧವನ್ನೋಡಿದ್ದರು. ಅರುವತ್ತನಾಲ್ಕಕ್ಕೆ ಮುಂಚೆ ಒಮ್ಮೆ ಪೂರ್ಣ, ಆಮೇಲೆ ಸಾಕು ಎನ್ನುತ್ತಿದ್ದರು. ಅಣ್ಣನವರ ವಾದ ಸರಳ: “ಒಂದು ದಿನದ್ದು ತಾನೆ ಮಾರಾಯ್ರೆ, ಅಭ್ಯಾಸ ಬಿಟ್ಟು ಆ ದಿನ ಮಾತ್ರ ನಿಧಾನ ಹೋಗ್ಲಿ. ನಾವಿಲ್ವಾ ಜೊತೆಗೆ?” ಅಕ್ಕ ಒಪ್ಪಲಿಲ್ಲ. ಐದು ಗಂಟೆಗಳ ಓಟದಲ್ಲಿ ಉಸಿರು ಕಟ್ಟುವವರ ಪಕ್ಕದಲ್ಲಿ ನಾಲ್ಕು ಮಂದಿ ಸ್ನೇಹಿತರಿದ್ದು ಆಗುವುದೇನು ಎಂದರು. ನಾವು ಇನ್ನಿಬ್ಬರು ಸುಮ್ಮನಿದ್ದೆವು. ಓಟಗಾರರ ನಡುವೆ ಒಂದು ದುರಭ್ಯಾಸವಿದೆ. ನೋವನ್ನು ಮೀರಿ ಓಡಿದವರ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾರೆ, ನಿಂತವರ ಕಥೆಯನ್ನು ಯಾರೂ ಹೇಳುವುದಿಲ್ಲ. ಮೊಣಕಾಲಿನ ನೋವಿಗೂ ಎದೆಯ ಸಿಳ್ಳೆಗೂ ಒಂದೇ ಮಂತ್ರ ಪಠಿಸುವ ಈ ಶೌರ್ಯದಲ್ಲಿ ನಮಗೆ ನಂಬಿಕೆಯಿಲ್ಲ. ಆದರೆ ಆ ಮಾತನ್ನು ಮೇಷ್ಟ್ರ ಮುಖಕ್ಕೆ ಹೇಳುವ ಅಧಿಕಾರ ಯಾರದು?

ಕೊನೆಗೆ ಅವರೇ ಹೇಳಿದರು. ದೀಪಾವಳಿ ಕಳೆದ ಮೇಲೊಂದು ಸಂಜೆ, ಅಣ್ಣನ ಹೋಟೆಲಿನ ಮೂಲೆಯ ಮೇಜಿನಲ್ಲಿ. ಸೇವೆಯ ಕೊನೆಯ ಹತ್ತು ವರ್ಷ ಅವರು ಪಾಠ ಹೇಳಿದ ಶಾಲೆ ಕಾರ್ಖಾನೆಗಳ ಕಡೆಗೇ ಇತ್ತು. “ನವೆಂಬರ್ ಬಂತೆಂದರೆ ಹಾಜರಿ ಪುಸ್ತಕ ನೋಡಿಯೇ ಗೊತ್ತಾಗ್ತಿತ್ತು. ಸೋಮವಾರ ನಾಲ್ಕು ಗೈರು, ಮಂಗಳವಾರ ಏಳು. ಕೇಳಿದರೆ ಖೊಕ್ಲಾ ಸರ್, ಕೆಮ್ಮು ಸರ್. ನಾನು ಗದರಿಸ್ತಿದ್ದೆ, ನೆಪ ಹೇಳಬೇಡಿ ಅಂತ. ಆ ಮಕ್ಕಳಿಗೆ ಈ ಋತುವಿನಲ್ಲಿ ಉಸಿರಾಡೋದು ಬೇಡ ಅಂತ ಯಾವ ಡಾಕ್ಟರು ಬರೆದುಕೊಟ್ಟಾನು? ನನಗೆ ಬರೆದುಕೊಟ್ಟಿದ್ದಾರೆ. ನಾನು ಕೇಳ್ತೇನೆ.” ಇಷ್ಟು ಹೇಳಿ ಕಾಫಿ ಕುಡಿದರು. ಅಣ್ಣ ಬಿಲ್ಲು ಬರೆಯುವ ಪ್ರಶ್ನೆಯೇ ಇರಲಿಲ್ಲವಾದರೂ ಎದ್ದು ಗಲ್ಲಾದ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತರು.

ಮಿಕ್ಕವರು ಓಡಬೇಕೇ ಬಿಡಬೇಕೇ ಎಂಬುದನ್ನೂ ಅಂದೇ ಮಾತಾಡಿದೆವು. ಬಿಡಲಿಲ್ಲ, ಕ್ರಮ ಬದಲಿಸಿದೆವು. ಮಾಹುಲಿನ ರಸ್ತೆಯನ್ನು ಕೈಬಿಟ್ಟೆವು. ಗಾಳಿಯ ಸೂಚ್ಯಂಕ ಇನ್ನೂರು ದಾಟಿದ ದಿನ ರಸ್ತೆಗಿಳಿಯದೆ ಕಟ್ಟಡದ ಮೆಟ್ಟಿಲು ಹತ್ತಿಳಿದೆವು. ವಾಚ್‌ಮನ್ ಮೊದಲ ದಿನ ಲಿಫ್ಟ್ ಕೆಟ್ಟಿದೆಯೆಂದೇ ತಿಳಿದು ಮೆಕ್ಯಾನಿಕ್ಕಿಗೆ ಫೋನು ಮಾಡಿದ್ದ. ಭಾನುವಾರಗಳಲ್ಲಿ ನಸುಕಿನ ಹಾರ್ಬರ್ ಲೋಕಲ್ ಹಿಡಿದು ಸಿಎಸ್‌ಎಂಟಿಗೆ ಹೋಗಿ, ಕಡಲ ಅಂಚಿನಲ್ಲಿ ಓಡಿ ಮರಳಿದೆವು. ಪಡುಗಡಲಿನ ಗಾಳಿ ಚೆಂಬೂರಿನದಕ್ಕಿಂತ ಹಗುರ. ಆ ಲೋಕಲ್ಲಿನಲ್ಲಿ ಗೋವಂಡಿ, ಮಾನ್‌ಖುರ್ದಿನಿಂದ ಹತ್ತಿದ ಸಫಾಯಿ ಕೆಲಸದವರು, ಸಸೂನ್ ಡಾಕಿಗೆ ಹೋಗುವ ಮೀನಿನ ಬುಟ್ಟಿಯ ಹೆಂಗಸರು ತೂಕಡಿಸುತ್ತಿರುತ್ತಿದ್ದರು. ಗಾಳಿಯನ್ನು ಆರಿಸಿಕೊಂಡು ಓಡಲು ಹೊರಟವರು ಆ ಡಬ್ಬಿಯಲ್ಲಿ ನಾವು ನಾಲ್ವರು ಮಾತ್ರ. ಬೂಟುಗಳನ್ನು ಸೀಟಿನ ಕೆಳಗೆ ಎಳೆದುಕೊಂಡು ಕೂರುತ್ತಿದ್ದೆವು.

ಡಿಸೆಂಬರ್ 24ಕ್ಕೆ ನಮ್ಮ ಅತಿ ಉದ್ದದ ಓಟ, 32 ಕಿಲೋಮೀಟರು. ಸಿಎಸ್‌ಎಂಟಿಯಿಂದ ಮಾಹೀಮಿನವರೆಗೆ ಹೋಗಿ ಹಿಂದಿರುಗುವುದು. ಮೂವತ್ತೆರಡಕ್ಕೆ ನಿಲ್ಲಿಸುವುದೇಕೆಂದು ಬಹಳ ಮಂದಿ ಕೇಳುತ್ತಾರೆ. ಅರುವತ್ತೈದು ಕಿಲೋ ತೂಗುವವರು ಒಂದು ಕಿಲೋಮೀಟರು ಓಡಲು ಸುಮಾರು 65 ಕಿಲೋಕ್ಯಾಲರಿ ಖರ್ಚಾಗುತ್ತದೆ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಪಿಷ್ಟದ ರೂಪದಲ್ಲಿ ಕೂಡಿಟ್ಟ ಗಂಟು ಹೆಚ್ಚೆಂದರೆ ಎರಡು ಸಾವಿರದಷ್ಟು. ಹೀಗೆ ಲೆಕ್ಕ ಹಾಕಿದರೆ ಮೂವತ್ತರ ಆಸುಪಾಸಿನಲ್ಲಿ ಗಂಟು ಕರಗುತ್ತದೆ. ನಿಧಾನವಾಗಿ ಓಡುವವರ ದೇಹ ಕೊಬ್ಬನ್ನೂ ಉರಿಸುವುದರಿಂದ ಗಂಟು ಇನ್ನಷ್ಟು ದೂರ ಬರುತ್ತದೆ; ನಿಧಾನಕ್ಕೆ ಇರುವ ಲಾಭ ಅದು. ಅದಕ್ಕಿಂತ ಮುಂದೆ ಓಡಿ ಅಭ್ಯಾಸ ಮಾಡಿದರೆ ದಣಿವು ಆರಲು ವಾರಗಳು ಬೇಕು. ಹಾಗಾಗಿ ಕೊನೆಯ ಹತ್ತು ಕಿಲೋಮೀಟರನ್ನು ಯಾರೂ ಮೊದಲೇ ನೋಡಿರುವುದಿಲ್ಲ.

ಹಾಜಿ ಅಲಿಯ ಬಳಿ, ಪೆಡ್ಡರ್ ರೋಡಿನ ಏರು ಶುರುವಾಗುವ ಮುನ್ನ, ಮಂಕಿ ಟೋಪಿ ಹಾಕಿದ ವ್ಯಕ್ತಿಯೊಬ್ಬರು ಫ್ಲಾಸ್ಕು ಹಿಡಿದು ನಿಂತಿದ್ದರು. ಮೇಷ್ಟ್ರು! ಮೂಗಿಗೂ ಬಾಯಿಗೂ ಮುಖಗವಸು, ಹೆಗಲಲ್ಲಿ ಬಟ್ಟೆಯ ಚೀಲ. ಚೆಂಬೂರಿನಿಂದ ಕುರ್ಲಾ, ಅಲ್ಲಿಂದ ದಾದರ್, ಅಲ್ಲಿಂದ ಮಹಾಲಕ್ಷ್ಮಿ ಎಂದು ಮೂರು ಗಾಡಿ ಬದಲಿಸಿ ಬಂದಿದ್ದರು. ಫ್ಲಾಸ್ಕಿನಲ್ಲಿ ಕುಚ್ಚಲಕ್ಕಿ ಗಂಜಿಯ ತಿಳಿ, ಉಪ್ಪು ಹಾಕಿದ್ದು. ಬಿಸಿ ಗಂಜಿ ಕುಡಿದು ಏರು ಹತ್ತಬಹುದೆಂದು ಓಟದ ಯಾವ ಪುಸ್ತಕದಲ್ಲೂ ನಾವು ಓದಿಲ್ಲ. ಹತ್ತಿದೆವು. “ಕ್ರಿಯಾಪದ ಬರ್ತಾ ಇದೆಯಾ?” ಎಂದು ಅವರು ಹಿಂದಿನಿಂದ ಕೂಗಿದರು.

ಕಳೆದ ಮೂರು ವಾರ ಓಟ ಕಡಿಮೆ ಮಾಡುವ ಕಾಲ. ಈಗ ಕಾಲಿಗೆ ಕೆಲಸವಿಲ್ಲದೆ ಮನಸ್ಸಿಗೆ ಇಲ್ಲದ ರೋಗಗಳು ಬರುತ್ತಿವೆ. ಒಬ್ಬರಿಗೆ ಹಿಮ್ಮಡಿ ನೋವು, ಒಬ್ಬರಿಗೆ ನೆಗಡಿಯ ಭಯ. ಅಣ್ಣ ರಾತ್ರಿ ಎರಡು ಸಲ ಎದ್ದು ಬೂಟಿನ ಲೇಸು ನೋಡುತ್ತಾರಂತೆ. ಭಾನುವಾರ ನಸುಕಿನಲ್ಲಿ ಓಟಗಾರರಿಗಾಗಿ ರೈಲ್ವೆಯವರು ವಿಶೇಷ ಲೋಕಲ್ ಬಿಡುತ್ತಾರೆ. ನಮ್ಮ ಗಾಡಿ ಅದೇ. ಉಳಿದ ದಿನಗಳಲ್ಲಿ ಕಾಲ್ನಡಿಗೆಯವರಿಗೆ ಪ್ರವೇಶವಿಲ್ಲದ ಬಾಂದ್ರಾ–ವರ್ಲಿ ಸಮುದ್ರ ಸೇತುವೆಯ ಮೇಲೆ ಅಂದು ಸೂರ್ಯೋದಯದ ಹೊತ್ತಿಗೆ ಇರುತ್ತೇವೆ. ಮೇಷ್ಟ್ರು ಹಾಜಿ ಅಲಿಯಲ್ಲೇ ಇರುತ್ತಾರೆ. ಆ ಜಾಗ ಹೆಚ್ಚುಕಡಿಮೆ 36ನೆಯ ಕಿಲೋಮೀಟರು. ನಿನ್ನೆ ಸಂಜೆ ಅವರು ನಮ್ಮ ನಮ್ಮ ವೇಗ ಕೇಳಿ, ಚೀಲದಿಂದ ಹಳೆಯ ಉದ್ದ ಪುಸ್ತಕವೊಂದನ್ನು ತೆಗೆದು, ನಾಲ್ಕು ಹೆಸರು ಬರೆದು, ಎದುರಿಗೆ ಒಬ್ಬೊಬ್ಬರೂ ಅಲ್ಲಿಗೆ ಬರಬಹುದಾದ ಸಮಯ ಹಾಕಿಕೊಂಡರು. ನಮ್ಮದು ಒಂಬತ್ತೂವರೆಯ ಸುಮಾರಿಗೆ. ಹತ್ತೂಕಾಲಾದರೂ ಬಾರದವರ ಹೆಸರಿನ ಮುಂದೆ ಗೈರು ಹಾಕುವರೋ ಎಂದು ಅಕ್ಕ ಕೇಳಿದರು. ಬರುವವರೆಗೆ ಪುಸ್ತಕ ಮುಚ್ಚುವುದಿಲ್ಲವೆಂದರು.